ಚೈನು ಮತ್ತು ಹಲ್ಲು

ಮನುಷ್ಯನಿಗೆ ವಯಸ್ಸಾದುದು ಕೂದಲಿನಿಂದ ತಿಳಿಯುತ್ತದೆ. ಎತ್ತಿಗೆ ವಯಸ್ಸಾದುದು ಹಲ್ಲಿನಿಂದ. ಸೈಕಲ್ಲಿಗೆ ವಯಸ್ಸಾದುದು ಯಾವುದರಿಂದ ತಿಳಿಯುತ್ತದೆಂಬುದು ಕನ್ನಡ ಎಂ.ಎ. ಪಠ್ಯದಲ್ಲಿ ಇರಲಿಲ್ಲವಾದ ಕಾರಣ, ನಾನು ಅದನ್ನು ನಡುರಸ್ತೆಯಲ್ಲಿ ಕಲಿಯಬೇಕಾಯಿತು.

ನನ್ನದು ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್ಲೂ ಹಿಂದಿನ ಗಾಲಿಗೆ ಏಳು ಹಲ್ಲುಚಕ್ರಗಳೂ ಇರುವ ಗೇರಿನ ಸೈಕಲ್ಲು. ಆರು ವರ್ಷಗಳಿಂದ ಮೈಸೂರಿನ ಏರಿಳಿತಗಳಲ್ಲಿ ಅದು ನನ್ನನ್ನು ಕಾಲೇಜಿಗೆ ಮುಟ್ಟಿಸುತ್ತಿದೆ. ಚಕ್ರಗಳು ಏಳಿದ್ದರೂ ನಾನು ಏಕಪತ್ನೀವ್ರತಸ್ಥನಂತೆ ನಡುವಿನ ಒಂದನ್ನೇ ನೆಚ್ಚಿಕೊಂಡವನು. ಚೈನಿಗೆ ಎಣ್ಣೆ ಬಿಡುವುದು ಆಯುಧಪೂಜೆಯ ದಿನದ ಕರ್ತವ್ಯವೆಂದು ತಿಳಿದಿದ್ದೆ.

ಕಳೆದ ಆಷಾಢದಲ್ಲಿ ಚೈನು ಕರಕರ ಎನ್ನತೊಡಗಿತು. ರಿಪೇರಿ ಅಂಗಡಿಯಾತ ನೋಡಿದೊಡನೆಯೇ, "ಮೇಷ್ಟ್ರೇ, ಚೈನ್ ಹೋಗಿದೆ. ಜತೆಗೆ ಫ್ರೀವೀಲೂ ಹಾಕಿಸಿಬಿಡಿ" ಎಂದ. ಅಂಗಡಿಯವರ ಬಾಯಲ್ಲಿ ಒಂದು ಎರಡಾಗುವುದು ವಾಡಿಕೆಯಷ್ಟೆ ಎಂದುಕೊಂಡು, ಲೋಕಜ್ಞಾನವುಳ್ಳವನಂತೆ ನಕ್ಕು, "ಚೈನೊಂದೇ ಸಾಕು" ಎಂದೆ.

ಮರುದಿನ ಕಾಲೇಜಿನ ದಾರಿಯ ಏರಿನಲ್ಲಿ ಸೀಟಿನಿಂದೆದ್ದು ನಿಂತು ಪೆಡಲು ಒತ್ತಿದೆನೋ ಇಲ್ಲವೋ, ಹೊಸ ಚೈನು ಹಲ್ಲುಗಳ ಮೇಲೆ ಹಾರಿತು. ಕಾಲಿನಡಿಯ ಪೆಡಲು ಕುಸಿಯಿತು. ಮೊಳಕಾಲು ಹ್ಯಾಂಡಲ್ಲಿಗೆ ಬಡಿದು ನಾನು ನೆಲದ ಪಾಲಾದೆ. ಹಿಂದೆ ಬರುತ್ತಿದ್ದ ಬಸ್ಸು ಒಂದು ಮಾರು ದೂರದಲ್ಲಿ ನಿಂತಿತು. ಅದರ ಕಿಟಕಿಗಳಲ್ಲಿ ನನ್ನ ವಿದ್ಯಾರ್ಥಿಗಳ ಮುಖಗಳೂ ಇದ್ದುವೆಂಬುದು ಬೇರೆ ಮಾತು.

ಕಾಲೇಜಿಗೆ ರಜೆ ತಿಳಿಸಿ, ಕುಂಟುತ್ತ ಮನೆಗೆ ಬಂದೆ. ಜಗಲಿಯಲ್ಲಿ ಅಪ್ಪ ಕುಳಿತಿದ್ದರು. ಅಮ್ಮ ತೀರಿಕೊಂಡು ಹತ್ತು ತಿಂಗಳಾಗಿತ್ತು. ಊರ ಮನೆಗೆ ಬೀಗ ಹಾಕಿ ಅವರನ್ನು ಕರೆತಂದಿದ್ದೆವು. ಅವರಿಗೆ ನಮ್ಮ ಮನೆ ಒಗ್ಗಿರಲಿಲ್ಲ. ಬೆಳಗಿನ ನಾಲ್ಕೂವರೆಗೆ ಅಡುಗೆಮನೆಯ ದೀಪ ಹಾಕಿ ಸುಮ್ಮನೆ ನಿಂತಿರುವರು. ಊಟಕ್ಕೆ ಕರೆದರೆ ಹಸಿವಿಲ್ಲವೆನ್ನುವರು. ನನ್ನಾಕೆ ತಾಳ್ಮೆಯವಳು, ನಾನಲ್ಲ. ಆ ಬೆಳಿಗ್ಗೆಯೇ, "ಇಷ್ಟು ಅನುಕೂಲ ಮಾಡಿಕೊಟ್ಟರೂ ನೀವು ಹೊಂದಿಕೊಳ್ಳದಿದ್ದರೆ ನಾವೇನು ಮಾಡೋಣ?" ಎಂದು ಸಿಡುಕಿ ಹೊರಟಿದ್ದೆ.

ಅಪ್ಪ ಮೂವತ್ತು ವರ್ಷ ಸೈಕಲ್ ತುಳಿದು ಹಳ್ಳಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ನನ್ನ ಮೊಳಕಾಲನ್ನು ನೋಡಿದರು, ಸೈಕಲ್ಲನ್ನು ನೋಡಿದರು, ಒಳಗೆ ಹೋಗಿ ತಮ್ಮ ಪೆಟ್ಟಿಗೆಯಿಂದ ಒಂದಡಿಯ ಉಕ್ಕಿನ ಸ್ಕೇಲು ತಂದರು. "ಹಳೇ ಚೈನು ಎಲ್ಲಿ?" ಎಂದರು. ಅಂಗಡಿಯಾತ ಕಾಗದದಲ್ಲಿ ಸುತ್ತಿಕೊಟ್ಟಿದ್ದ ಅದನ್ನು ತಂದುಕೊಟ್ಟೆ.

ಪಾಠ ಆರಂಭವಾಯಿತು. 1880ರಲ್ಲಿ ಮ್ಯಾಂಚೆಸ್ಟರಿನ ಹಾನ್ಸ್ ರೆನಾಲ್ಡ್ ರೂಪಿಸಿದ ರೋಲರ್ ಚೈನಿನ ವಂಶದ್ದೇ ನಮ್ಮ ಸೈಕಲ್ ಚೈನು. ಅದರ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಅಂಗುಲ. ಅಂಥ 24 ಅಂತರಗಳು ಸೇರಿದರೆ ಸರಿಯಾಗಿ 12 ಅಂಗುಲ. ಹೊಸ ಚೈನು ಹಾಗೆಯೇ ಇತ್ತು. ಹಳೆಯದರ ಕೊನೆಯ ಪಿನ್ನು 12ರ ಗೆರೆಯನ್ನು 1/8 ಅಂಗುಲಕ್ಕಿಂತ ಹೆಚ್ಚು ದಾಟಿತ್ತು. ಉಕ್ಕೇನೂ ರಬ್ಬರಿನಂತೆ ಹಿಗ್ಗಿದ್ದಲ್ಲ. ಧೂಳೂ ಎಣ್ಣೆಯೂ ಕಲೆತು ಮರಳುಕಾಗದದಂತೆ ಪಿನ್ನುಗಳನ್ನೂ ಅವು ತಿರುಗುವ ಸಂದುಗಳನ್ನೂ ತೇಯುತ್ತವೆ. ಒಂದೊಂದು ಕೊಂಡಿಯ ಕೂದಲೆಳೆಯಷ್ಟು ಸವೆತವೂ ಕೂಡಿ ಚೈನು ಉದ್ದವಾಗುತ್ತದೆ. 1/16 ಅಂಗುಲ ಬೆಳೆದಾಗಲೇ ಎಚ್ಚೆತ್ತರೆ ಚೈನಿನಲ್ಲೇ ಮುಗಿಯುತ್ತದೆ. 1/8 ಮುಟ್ಟಿದರೆ ಹಲ್ಲುಗಳೂ ಅದಕ್ಕೆ ತಕ್ಕಂತೆ ಸವೆದು ಕೊಕ್ಕೆಗಳಾಗಿರುತ್ತವೆ.

"ಮೊನ್ನೆಯವರೆಗೆ ಓಡುತ್ತಿತ್ತಲ್ಲ?" ಎಂದೆ.

ಅಪ್ಪ ಪಂಚೆಯ ಅಂಚಿನಿಂದ ಸ್ಕೇಲನ್ನು ಒರೆಸುತ್ತ, "ಓಡುತ್ತೆ ಕಣೋ. ಎರಡೂ ಒಟ್ಟಿಗೆ ಸವೆದವು. ಇದರ ಅಳತೆ ಅದಕ್ಕೆ ಗೊತ್ತು. ಈಗ ಒಂದನ್ನ ತೆಗೆದುಬಿಟ್ಟೆ. ಹೊಸ ಚೈನಿನದೂ ತಪ್ಪಲ್ಲ, ಹಳೇ ಹಲ್ಲಿನದೂ ತಪ್ಪಲ್ಲ" ಎಂದರು.

ಅವರು ಹೇಳಿದ್ದು ಸೈಕಲ್ಲಿನ ಮಾತು, ಬೇರೇನನ್ನೂ ಉದ್ದೇಶಿಸಿರಲಾರರು. ಆದರೂ ನನಗೆ ಮಾತು ಹೊರಡಲಿಲ್ಲ.

ಸಂಜೆ ಇಬ್ಬರೂ ಅಂಗಡಿಗೆ ಹೋದೆವು. ಫ್ರೀವೀಲು ತುಳಿದಷ್ಟೂ ಬಿಗಿಯಾಗುವ ತಿರುಪಿನದು. ನನ್ನ ಆರು ವರ್ಷಗಳ ತುಳಿತವೆಲ್ಲ ಅದರಲ್ಲಿ ಕೂಡಿತ್ತು. ಅದನ್ನು ಬಿಚ್ಚುವ ಸಾಧನವನ್ನು ಅಂಗಡಿಯಾತ ವೈಸಿಗೆ ಕಚ್ಚಿಸಿ, ಗಾಲಿಯನ್ನು ಅದರ ಮೇಲೆ ಕೂರಿಸಿ, ಲಾರಿಯ ಸ್ಟಿಯರಿಂಗಿನಂತೆ ತಿರುಗಿಸಿದ. ಮುಂದಿನ ದೊಡ್ಡ ಚಕ್ರಕ್ಕೆ ಹಲ್ಲುಗಳು ಹೆಚ್ಚು, ಸವೆತ ನಿಧಾನ. ಅಪ್ಪ ಅದರ ಮೇಲೆ ಬೆರಳಾಡಿಸಿ, "ಇದು ಇನ್ನೂ ಬರುತ್ತೆ" ಎಂದರು, ಅಂಗಡಿಯಾತ ತಲೆದೂಗಿದ. ಬರುವಾಗ ಆ ಏರನ್ನು ನಿಂತು ತುಳಿದೆ. ಸದ್ದಿಲ್ಲ.

ಫ್ರೀವೀಲಿಗೆ ಅಂಗಡಿಯಲ್ಲಿ ಮದ್ದುಂಟು. ಮರುದಿನ ನಾಲ್ಕೂವರೆಗೆ ಅಡುಗೆಮನೆಯ ದೀಪ ಹತ್ತಿದಾಗ ನಾನೂ ಎದ್ದುಹೋಗಿ ಕಾಫಿ ಬೆರೆಸಿದೆ. ಒಂದು ಗುಟುಕು ಕುಡಿದು ಅಪ್ಪ, "ನಿಮ್ಮಮ್ಮ ಡಿಕಾಕ್ಷನ್ನು ಇನ್ನೂ ಗಟ್ಟಿ ಇಳಿಸ್ತಿದ್ದಳು" ಎಂದರು. ಹತ್ತು ತಿಂಗಳಲ್ಲಿ ಅವರು ಅಮ್ಮನ ಮಾತೆತ್ತಿದ್ದು ಅದೇ ಮೊದಲು.

ಈಗ ನಾಲ್ಕೂವರೆಯ ಕಾಫಿ ನಮ್ಮಿಬ್ಬರದು. ತಿಂಗಳ ಮೊದಲ ಭಾನುವಾರ ಕಾಫಿಯಾದ ಮೇಲೆ ನಾನು ಚೈನನ್ನು ಒರೆಸುತ್ತೇನೆ, ಅಪ್ಪ ಸ್ಕೇಲು ಹಿಡಿಯುತ್ತಾರೆ. ಈ ತಿಂಗಳು ಸರಿಯಾಗಿ 12 ಅಂಗುಲ.