ಉಪ್ಪಿನ ಭರಣಿ ಮತ್ತು ಅಣ್ಣನ ಗಿಟಾರು

ಮಲೆನಾಡಿನವರಿಗೆ ಮಳೆಗಾಲವೆಂದರೆ ಮೊದಲು ನೆನಪಾಗುವುದು ಸೌದೆ, ಕಂಬಳಿ, ಹಪ್ಪಳ, ಒಣಮೀನುಗಳ ಚಿಂತೆ. ನಮ್ಮ ತೀರ್ಥಹಳ್ಳಿ ಸೀಮೆಯಲ್ಲಿ ಮೊದಲ ಮಳೆ ಹಿಡಿಯುವುದಕ್ಕೆ ಮುಂಚೆಯೇ ಪ್ರತಿಯೊಂದಕ್ಕೂ ಒಂದು ಸ್ಥಳ ನಿಗದಿಯಾಗಿರುತ್ತದೆ. ಬಿತ್ತನೆಯ ಬೀಜ, ಮುರುಗಲ ಸಿಪ್ಪೆ ಒಲೆಯ ಮೇಲಿನ ಅಟ್ಟಕ್ಕೆ ಹೋಗುತ್ತವೆ. ಸೌತೆಕಾಯಿ ತೊಲೆಯಿಂದ ನೇತಾಡುತ್ತದೆ. ಉಪ್ಪು ಭರಣಿಗೆ ಇಳಿಯುತ್ತದೆ. ಆದರೆ ಗಿಟಾರನ್ನು ಎಲ್ಲಿಡಬೇಕೆಂದು ನಮ್ಮ ಹಿರಿಯರು ಯಾರೂ ಹೇಳಿಹೋಗಿರಲಿಲ್ಲ.

ಗಿಟಾರು ಅಣ್ಣನದು. ಇಬ್ಬರನ್ನು ಓದಿಸುವ ಶಕ್ತಿ ಮನೆಗಿರಲಿಲ್ಲವಾದುದರಿಂದ ಪಿಯುಸಿ ಮುಗಿದೊಡನೆ ಅವನು ಬೆಂಗಳೂರಿಗೆ ಕೆಲಸಕ್ಕೆ ಹೋದ. ಓದುವ ಪಾಲು ನನಗೆ ಬಂತು. ತನಗೆಂದು ಅವನು ಕೊಂಡುಕೊಂಡ ಮೊದಲ ವಸ್ತು ಈ ಹಳೆಯ ಗಿಟಾರು. ನಾಲ್ವರು ಮಲಗುವ ಕೋಣೆಯಲ್ಲಿ ಅದಕ್ಕೆ ಜಾಗ ಸಾಲದೆ 2024ರ ಮೇ ತಿಂಗಳಲ್ಲಿ ಊರಿಗೆ ತಂದು, “ಇದೊಂದು ಮಳೆಗಾಲ ನೋಡ್ಕೊ ಮಾರಾಯ” ಎಂದು ನನಗೊಪ್ಪಿಸಿ ಹೋದ.

ಜುಲೈ ತಿಂಗಳ ಜಡಿಮಳೆಯಲ್ಲಿ ಒಂದು ದಿನ ಚೀಲ ಬಿಚ್ಚಿ ನೋಡಿದರೆ, ಹೆಗಲಪಟ್ಟಿಗೆ ಬಿಳಿಯ ಬೂಷ್ಟು ಹತ್ತಿತ್ತು. ತಂತಿಗಳ ಮೇಲೆ ಕೆಂಪು ತುಕ್ಕು. ಮುಖದ ಹಲಗೆ ಉಂಡು ಮಲಗಿದವರ ಹೊಟ್ಟೆಯಂತೆ ಉಬ್ಬಿ, ತಂತಿಗಳು ಬೆರಳಿಗೆ ಒತ್ತಲಾಗದಷ್ಟು ಮೇಲೆದ್ದಿದ್ದವು. ನನಗೆ ತೋಚಿದ್ದು ಒಂದೇ ಉಪಾಯ. ಬೀಜವನ್ನು ಕಾಯುವ ಅಟ್ಟ ಗಿಟಾರನ್ನು ಕಾಯದೆ ಇದ್ದೀತೆ? ಒಲೆಯ ನೇರಕ್ಕೆ, ಮುರುಗಲ ಸಿಪ್ಪೆಯ ಮಗ್ಗುಲಲ್ಲಿ ಅದನ್ನು ಮಲಗಿಸಿದೆ. ಮೂರನೆಯ ವಾರದಲ್ಲಿ ಒಂದು ರಾತ್ರಿ ಅಟ್ಟದ ಮೇಲೆ ‘ಟಪ್’ ಎಂದು ಸದ್ದಾಯಿತು. ಇಲಿಯೆಂದುಕೊಂಡೆವು. ಬೆಳಗ್ಗೆ ನೋಡಿದರೆ ತಂತಿಗಳನ್ನು ಹಿಡಿದಿರುವ ಬ್ರಿಡ್ಜು, ವೀಣೆಯವರ ಮಾತಿನಲ್ಲಿ ಕುದುರೆ, ಬುಡಸಮೇತ ಕಿತ್ತು ಮೇಲೆದ್ದಿತ್ತು.

ಅಣ್ಣನಿಗೆ ಹೇಳಲಿಲ್ಲ. ಅವನು ಫೋನಿನಲ್ಲಿ ಕೇಳಿದಾಗಲೆಲ್ಲ “ಚೆನ್ನಾಗಿದೆ” ಎಂದೆ. ಪುಸ್ತಕಕ್ಕೆಂದು ಅವನೇ ಕಳುಹಿಸಿದ್ದ ಹಣವನ್ನು ಜೇಬಿಗಿಟ್ಟುಕೊಂಡು ಶಿವಮೊಗ್ಗೆಗೆ ಹೋಗಿ, ಹಾರ್ಮೋನಿಯಂ ರಿಪೇರಿ ಮಾಡುವವರೊಬ್ಬರ ಮುಂದೆ ಅಪರಾಧಿಯಂತೆ ನಿಂತೆ.

ಆ ಹಿರಿಯರು ಬೈಯಲಿಲ್ಲ, ಪಾಠ ಹೇಳಿದರು. ಮರ ಕಡಿದು ಎಷ್ಟು ಕಾಲವಾದರೂ ನೀರು ಕುಡಿಯುವ ಚಟವನ್ನು ಬಿಡುವುದಿಲ್ಲವಂತೆ. ಗಾಳಿಯಲ್ಲಿ ತೇವ ಹೆಚ್ಚಿದರೆ ಹೀರಿಕೊಂಡು ಹಿಗ್ಗುತ್ತದೆ, ತಗ್ಗಿದರೆ ಬಿಟ್ಟುಕೊಟ್ಟು ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಇಲ್ಲವೆನ್ನುವಷ್ಟು ಕಡಿಮೆ, ಎಳೆಗೆ ಅಡ್ಡಲಾಗಿ ಹೆಚ್ಚು. ಗಿಟಾರಿನ ಮುಖ ಸುಮಾರು 3 ಮಿಲಿಮೀಟರ್ ದಪ್ಪದ ಹಲಗೆ. ಒಳಗಡೆ ಪಟ್ಟಿಗಳಿಗೆ ಅಂಟಿಸಿರುವುದರಿಂದ ಅಗಲಕ್ಕೆ ಹಿಗ್ಗಲು ದಾರಿಯಿಲ್ಲದೆ ಅದು ಮೇಲಕ್ಕೆ ಉಬ್ಬುತ್ತದೆ. ಇಷ್ಟಾದರೂ ಕುದುರೆ ಕಿತ್ತದ್ದು ಮಳೆಯಿಂದಲ್ಲ, ನನ್ನಿಂದ. ಉಕ್ಕಿನ ಆರು ತಂತಿಗಳು ಸೇರಿ ಸುಮಾರು 70 ಕಿಲೋ ಭಾರದಷ್ಟು ಎಳೆಯುತ್ತವೆ. ಒಂದು ಮೂಟೆ ಅಡಿಕೆಯನ್ನು ನೇತುಹಾಕಿದಂತೆಯೇ ಸರಿ! ಒಲೆಯ ಬಿಸಿಗೆ ಅಂಟು ಮೆತ್ತಗಾಯಿತು. ಮೂಟೆ ತನ್ನ ಕೆಲಸ ಮಾಡಿತು.

ಅವರು ಇನ್ನೊಂದು ಮಾತು ಹೇಳಿದರು. ಲೋಕದ ನಾನಾ ಕಡೆ ಗಿಟಾರಿನ ಬೆನ್ನಿಗೂ ಬೆರಳುಹಲಗೆಗೂ ನಮ್ಮ ದೇಶದ ಬೀಟೆಯನ್ನು ಬಳಸುತ್ತಾರಂತೆ. ಘಟ್ಟದ ಮಳೆಯಲ್ಲಿಯೇ ನಿಂತು ಬೆಳೆದ ಮರಕ್ಕೆ ಹಲಗೆಯಾದ ಮೇಲೆ ಅದೇ ಮಳೆ ಒಗ್ಗುವುದಿಲ್ಲ. ಪೇಟೆಯಲ್ಲಿ ಓದಿ ಮನೆಗೆ ಹೋದ ನಮ್ಮಂಥವರು ಎರಡೇ ದಿನಕ್ಕೆ ‘ಅಕ್ಷಿ’ ಎನ್ನುವುದಿಲ್ಲವೆ?

ಗಿಟಾರಿಗೆ ಹಿತವಾದ ತೇವ ಶೇಕಡಾ 45ರಿಂದ 55. ನಮ್ಮಲ್ಲಿ ಆಷಾಢದ ಗಾಳಿಗೆ ಈ ಲೆಕ್ಕ ಎಲ್ಲಿಂದ ತಿಳಿಯಬೇಕು! ಅಂಟು ಹಾಕಿಸಿಕೊಂಡು, ತೇವ ಅಳೆಯುವ ಒಂದು ಸಣ್ಣ ಮಾಪಕವನ್ನೂ ಕೊಂಡು ಮನೆಗೆ ಬಂದೆ. ಹೊರಗೆ ಹೆಂಚು ಒಡೆಯುವಂತೆ ಮಳೆ ಹೊಯ್ಯುತ್ತಿರಲು ಆ ಮಾಪಕ ನಿಶ್ಚಿಂತೆಯಿಂದ 70 ತೋರಿಸಿತು. ನಂಬಿಕೆ ಬರಲಿಲ್ಲ. ಅದನ್ನು ಪರೀಕ್ಷಿಸುವ ಕ್ರಮವನ್ನು ರಿಪೇರಿಯವರು ಹೇಳಿದ್ದರು. ಒಂದು ಮುಚ್ಚಳದಲ್ಲಿ ಉಪ್ಪು ಹಾಕಿ, ಒದ್ದೆ ಮರಳಿನಂತಾಗುವಷ್ಟು ನೀರು ಚಿಮುಕಿಸಿ, ಮಾಪಕದ ಜೊತೆಗೆ ಗಾಳಿಯಾಡದ ಡಬ್ಬಿಯಲ್ಲಿ ರಾತ್ರಿಯಿಡೀ ಮುಚ್ಚಿಡಬೇಕು. ಒಳಗಿನ ತೇವ 75ಕ್ಕೆ ಬಂದು ನಿಲ್ಲುತ್ತದೆ. ಬೆಳಗ್ಗೆ ನನ್ನ ಮಾಪಕ 64 ತೋರಿಸಿತು. ಅಂದರೆ 11ರಷ್ಟು ಸುಳ್ಳು.

ಅವ್ವ ಇದನ್ನೆಲ್ಲ ನೋಡುತ್ತಿದ್ದಳು. “ಉಪ್ಪು ಹಾಕಿ ಎಂಥ ಮಾಡ್ತೀಯೋ?” ಎಂದಳು. ವಿವರಿಸಿದೆ. “ಅಷ್ಟೇಯಾ? ಥಂಡಿ ಜಾಸ್ತಿಯಾದ್ರೆ ಭರಣಿ ಉಪ್ಪು ತಾನೇ ನೀರೊಡೆಯುತ್ತೆ. ಅದಕ್ಕೆ ದುಡ್ಡು ಕೊಟ್ಟು ಡಬ್ಬಿ ತರಬೇಕಿತ್ತಾ?”

ನಾನು ಸುಮ್ಮನಾದೆ. ಶುದ್ಧವಾದ ಉಪ್ಪು ಗಾಳಿಯ ನೀರನ್ನು ಎಳೆದುಕೊಂಡು ಕರಗತೊಡಗುವುದು ಆ 75ನ್ನು ದಾಟಿದ ಮೇಲೆಯೇ; ಮೆಗ್ನೀಸಿಯಂ ಬೆರೆತ ಹರಳುಪ್ಪು ಇನ್ನೂ ಮುಂಚೆಯೇ ಬೆವರುತ್ತದೆ. ನನ್ನ ಮಾಪಕವನ್ನು ತಿದ್ದಿದ ಉಪ್ಪು ಅವಳ ಅಡಿಗೆಮನೆಯಲ್ಲಿ ಮೊದಲಿನಿಂದಲೂ ಕೆಲಸ ಮಾಡುತ್ತಿತ್ತು. ಸಂಖ್ಯೆಗಳನ್ನು ಬರೆದಿರಲಿಲ್ಲ, ಅಷ್ಟೆ.

ಅಂದಿನಿಂದ ಗಿಟಾರಿನ ಆಡಳಿತ ಅವ್ವನ ಕೈಗೆ ಹೋಯಿತು. ಗೋಡೆಗೆ ತಾಗದಂತೆ ಒಳಕೋಣೆಯಲ್ಲಿ ಮಂಚದ ಮೇಲೆ ಅದರ ವಾಸ. ಬಾಯಿ ಬಿಗಿಯಾಗಿ ಮುಚ್ಚುವ ಹಳೆಯ ಪೆಟ್ಟಿಗೆಯೊಂದನ್ನು ಶಿವಮೊಗ್ಗೆಯಿಂದಲೇ ತಂದಿದ್ದೆ. ತಂತಿಗಳನ್ನು ಒಂದು ಸ್ವರ ಸಡಿಲಿಸಿದೆವು. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ಲಿನ ಕಿತ್ತಳೆ ಬಣ್ಣದ ಮಣಿಗಳ ಬಟ್ಟೆಯ ಗಂಟು. ನೀರು ಕುಡಿದು ಹಸಿರಾದ ಮಣಿಗಳನ್ನು ಅಡಿಗೆಗೆ ಬಳಸದ ಒಂದು ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಅವ್ವ ಹುರಿಯುತ್ತಾಳೆ, ಬಣ್ಣ ಮರಳುತ್ತದೆ. ನೋಡಲು ಬಂದ ನೆರೆಮನೆಯ ಅಜ್ಜಿ “ಒಗ್ಗರಣೆ ಯಾವಾಗ?” ಎಂದು ಕೇಳಿದ್ದುಂಟು.

ದೀಪಾವಳಿಗೆ ಅಣ್ಣ ಬಂದ. ನಾನು ಹೇಳುವ ಮೊದಲೇ ಕುದುರೆಯ ಅಂಚಿನ ಅಂಟಿನ ಗೆರೆಯನ್ನು ಕಂಡ. ಎಲ್ಲವನ್ನೂ ಹೇಳಿದೆ, ಪುಸ್ತಕದ ಹಣದ ವಿಷಯವನ್ನೂ. ಅವನು ಬಹಳ ಹೊತ್ತು ಆ ಗೆರೆಯ ಮೇಲೆ ಬೆರಳಾಡಿಸುತ್ತಿದ್ದು, “ಪುಸ್ತಕ ಯಾರ ಹತ್ರ ಇಸ್ಕೊಂಡು ಓದಿದೆ?” ಎಂದ. ಗಿಟಾರಿನ ಬಗ್ಗೆ ಏನೂ ಕೇಳಲಿಲ್ಲ. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಬೇಸಗೆಯ ಕಥೆ ಬೇರೆ. ಮಾರ್ಚಿಯಲ್ಲಿ, ಆಷಾಢದಲ್ಲಿ ಹೆಗಲು ಕೊಟ್ಟು ನೂಕಬೇಕಾಗಿದ್ದ ನಡುಮನೆಯ ಬಾಗಿಲು ಕಿರುಬೆರಳಿಗೆ ಓಡಾಡತೊಡಗಿದಾಗ, ಗಿಟಾರಿನ ಕುತ್ತಿಗೆಯ ಮರವೂ ಕುಗ್ಗಿ ಲೋಹದ ಮೆಟ್ಟುಗಳ ತುದಿ ಅಂಗೈಗೆ ಚುಚ್ಚಿದವು. ಮಣಿಗಳನ್ನು ತೆಗೆದು, ತೂತು ಮಾಡಿದ ಸಾಬೂನಿನ ಡಬ್ಬಿಯಲ್ಲಿ ಹಿಂಡಿದ ಸ್ಪಂಜಿನ ತುಂಡನ್ನು ಇಟ್ಟೆವು.

2025ರ ಗೌರಿಹಬ್ಬಕ್ಕೆ ಅಣ್ಣ ಮತ್ತೆ ಬಂದ. ಹೊರಗೆ ಮಳೆ. ಕೈಕಾಲು ತೊಳೆದು ನೇರವಾಗಿ ಒಳಕೋಣೆಗೆ ನಡೆದು ಪೆಟ್ಟಿಗೆಗೆ ಕೈಹಾಕಿದ. ಅಡಿಗೆಮನೆಯಿಂದ ಅವ್ವನ ಧ್ವನಿ ಕೇಳಿಸಿತು:

“ಇರೋ ಮಾರಾಯ, ತೆಗೀಬೇಡ. ಭರಣಿ ನೋಡಿ ಹೇಳ್ತೀನಿ.”

ಅಣ್ಣ ನನ್ನ ಮುಖ ನೋಡಿದ. ಕೈ ಹಿಂದಕ್ಕೆ ತೆಗೆದುಕೊಂಡು, ಮಂಚದ ಮೇಲೆ ನನ್ನ ಪಕ್ಕದಲ್ಲಿ ಕಾಯುತ್ತ ಕುಳಿತ.