ಮಟ್ಟಿಗೊಂದು ವಿಸಲ್

ಐರ್ಲೆಂಡಿನ ಟಿನ್ ವಿಸಲ್ ನೋಡಲು ಬಲು ಸರಳ. ಗೇಣುದ್ದದ ಮೇಲೆ ನಾಲ್ಕು ಬೆರಳಷ್ಟು ಉದ್ದದ ಲೋಹದ ಕೊಳವೆ, ಆರು ತೂತು, ತುದಿಗೊಂದು ಸೀಟಿಯ ಬಾಯಿ. ಊದಿದವರಿಗೆಲ್ಲ ಸ್ವರ ಕೊಡುತ್ತದೆ. ನಮ್ಮ ಅಡ್ಡ ಕೊಳಲಿನಂತೆ ತುಟಿಯ ಕೋನ ಕೂಡಿಬರಲೆಂದು ದಿನಗಟ್ಟಲೆ ಕಾಯಿಸುವುದಿಲ್ಲ. ಬೆಲೆಯೂ ಕೈಗೆಟುಕುವಂಥದ್ದು. ಹಾಗಾಗಿ ಇದರ ರುಚಿ ಹತ್ತಿದವರ ಬಳಿ ಒಂದೇ ವಿಸಲ್ ಇರುವುದು ಅಪರೂಪ. ನನ್ನ ಬಟ್ಟೆಚೀಲದಲ್ಲೂ ಹಲವು ಸೇರಿಕೊಂಡಿವೆ. ಇವುಗಳಲ್ಲಿ ಯಾವುದು ಇಷ್ಟ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ಹೊಳೆಯುವುದು ಒಂದು ಮರುಪ್ರಶ್ನೆ: ಈಗ ಏನು ನುಡಿಸೋಣ?

ರೀಲ್ ಎಂಬ ಚುರುಕಾದ ಕುಣಿತದ ಮಟ್ಟು ನುಡಿಸೋಣ ಎಂದರೆ ಕೈ ನೇರವಾಗಿ ಜನರೇಷನ್ ಎಂಬ ಹೆಸರಿನ ಹಿತ್ತಾಳೆಯ ವಿಸಲ್‌ನತ್ತ ಹೋಗುತ್ತದೆ. ಕೆಂಪು ಪ್ಲಾಸ್ಟಿಕ್ ಬಾಯಿಯ, ಸಣ್ಣ ಸುತ್ತಳತೆಯ ಈ ಇಂಗ್ಲಿಷ್ ವಿಸಲ್ ಐರಿಷ್ ಸಂಗೀತದ ಮನೆಮಗನೇ ಆಗಿಹೋಗಿದೆ. ಪಿಟೀಲು, ಅಕಾರ್ಡಿಯನ್, ಕಾನ್ಸರ್ಟಿನಾಗಳು ಪಬ್ಬಿನ ಮೂಲೆಯಲ್ಲಿ ಒಟ್ಟಾಗಿ ನುಡಿಯುವ ಕೂಟಕ್ಕೆ ಅಲ್ಲಿ ಸೆಷನ್ ಎನ್ನುತ್ತಾರೆ. ಆ ಕೂಟದ ವಿಸಲ್ ಸಾಮಾನ್ಯವಾಗಿ ಡಿ ಶ್ರುತಿಯದು, ನಮ್ಮ ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಎರಡು. ಕೊಳವೆ ಸಪೂರವಾದ್ದರಿಂದ ಕಡಿಮೆ ಉಸಿರು ಸಾಕು. ತುಸು ಒತ್ತಿ ಊದಿದರೆ ಸ್ವರ ಥಟ್ಟನೆ ಮೇಲಿನ ಸ್ಥಾಯಿಗೆ ಜಿಗಿಯುತ್ತದೆ, ಪಿಟೀಲುಗಳ ಗುಂಪನ್ನೂ ದಾಟಿ ಕೇಳಿಸುತ್ತದೆ. ಬೆರಳನ್ನು ಕ್ಷಣಮಾತ್ರ ಎತ್ತಿ ಇಡುವ ‘ಕಟ್’ಗಳು ಒಗ್ಗರಣೆಯ ಸಾಸಿವೆಯಂತೆ ಚಟಪಟಿಸುತ್ತವೆ. ಕಾರ್ಖಾನೆಯಿಂದ ಬಂದ ಎರಡು ಜನರೇಷನ್‌ಗಳು ಒಂದೇ ಥರ ನುಡಿಯುವುದಿಲ್ಲ. ಬಾಯಿಯ ಒಳಗಿನ ಟೊಳ್ಳಿಗೆ ಮೆತ್ತನೆಯ ಅಂಟು ತುಂಬಿ ದನಿಯನ್ನು ಹದಕ್ಕೆ ತರುವುದು ನುಡಿಸುವವರ ಹಳೆಯ ಅಭ್ಯಾಸ. ಇಷ್ಟು ಅಗ್ಗದ ಕೊಳವೆ ಎಂಥ ಎತ್ತರಕ್ಕೆ ಏರಬಲ್ಲದು ಎಂದು ತಿಳಿಯಬೇಕಾದರೆ ವಿಸಲ್ ವಾದಕಿ ಮೇರಿ ಬರ್ಗಿನ್ ಅವರ 1979ರ ಧ್ವನಿಮುದ್ರಿಕೆ ಕೇಳಬೇಕು. ಅಷ್ಟು ವೇಗದಲ್ಲೂ ಒಂದು ಸ್ವರ ಇನ್ನೊಂದರ ಮೇಲೆ ಬೀಳುವುದಿಲ್ಲ.

ಮನೆಯಲ್ಲಿ ಒಬ್ಬನೇ ಕೂತು ಜಿಗ್ ಎಂಬ ಕುಣಿತದ ನಿಧಾನದ ಮಟ್ಟು ಅಥವಾ ಹಾಡಿನ ಮಟ್ಟು ನುಡಿಸುವಾಗ ನನಗೆ ಕ್ಲಾರ್ಕ್ ಬೇಕು. ಇಂಗ್ಲೆಂಡಿನ ಸಫೋಕ್ ಪ್ರಾಂತದ ಹಳ್ಳಿಯೊಂದರ ರಾಬರ್ಟ್ ಕ್ಲಾರ್ಕ್ 1843ರಲ್ಲಿ ತಗಡಿನ ವಿಸಲ್ ಮಾಡಲು ತೊಡಗಿದ. ಆಮೇಲೆ ಮ್ಯಾಂಚೆಸ್ಟರಿನಲ್ಲಿ ನೆಲೆಸಿದ. ಅವನ ವಿನ್ಯಾಸ ಇವತ್ತಿಗೂ ಬದುಕಿದೆ: ತವರ ಲೇಪಿಸಿದ ತಗಡಿನ ಹಾಳೆಯನ್ನು ಸುತ್ತಿ ಮಾಡಿದ, ಕೆಳಗಿಳಿದಂತೆ ಕಿರಿದಾಗುವ ಕೊಳವೆ, ಬೆನ್ನಿಗೆ ಉದ್ದಕ್ಕೂ ಬೆಸುಗೆಯ ಗೆರೆ, ಬಾಯಿಯೊಳಗೆ ಮರದ ತುಂಡು. ಜನರೇಷನ್‌ಗಿಂತ ಇದಕ್ಕೆ ಉಸಿರು ಹೆಚ್ಚು ಬೇಕು. ಊದಿದ್ದರಲ್ಲಿ ಒಂದಷ್ಟು ಸ್ವರವಾಗದೆ ಬರಿಯ ಗಾಳಿಯಾಗಿ ಸ್ವರದ ಜೊತೆಗೇ ಹೊರಬರುತ್ತದೆ. ಕೂಟದ ಗದ್ದಲದಲ್ಲಿ ಆ ಗಾಳಿ ಕೊರತೆಯೆನಿಸಬಹುದು, ಖಾಲಿ ಕೋಣೆಯಲ್ಲಿ ಅದೇ ಇದರ ಚೆಲುವು. ಹಾಡುವವರು ಪದಗಳ ನಡುವೆ ಉಸಿರೆಳೆದುಕೊಂಡದ್ದು ಕೇಳಿದಾಗ ಹಾಡು ಹತ್ತಿರವಾಗುತ್ತದಲ್ಲ, ಇಲ್ಲಿಯೂ ಹಾಗೆಯೇ. ಐರ್ಲೆಂಡಿನ ಕ್ಲೇರ್ ಸೀಮೆಯ ಡೂಲಿನ್‌ನ ಮೈಕೋ ರಸೆಲ್ ಅವರ ಬಿಡಿಬಿಡಿಯಾದ, ಅವಸರವಿಲ್ಲದ ನುಡಿಸಾಣಿಕೆ ಕೇಳಿದ ದಿನ ನಾನು ಕ್ಲಾರ್ಕನ್ನೇ ಎತ್ತಿಕೊಳ್ಳುತ್ತೇನೆ.

‘ಸ್ಲೋ ಏರ್’ಗಳ ಲೋಕವೇ ಬೇರೆ. ಅವಕ್ಕೆ ತಾಳದ ಹಂಗಿಲ್ಲ. ಪಕ್ಕವಾದ್ಯವಿಲ್ಲದೆ ಐರಿಷ್ ಭಾಷೆಯಲ್ಲಿ ಹಾಡುವ ಹಳೆಯ ಹಾಡುಗಳ ಸಾಲನ್ನೇ ಅವು ಅನುಸರಿಸುತ್ತವೆ. ಪದ ನಿಂತಲ್ಲಿ ಸ್ವರವೂ ನಿಲ್ಲುತ್ತದೆ. ಅದಕ್ಕೆ ಬೇಕಾದದ್ದು ಒಂದು ಸ್ಥಾಯಿ ಕೆಳಗಿನ ಲೋ ವಿಸಲ್. ಅದರ ಹುಟ್ಟಿನಲ್ಲಿ ನಮ್ಮ ನೆಲದ ಬಿದಿರಿಗೂ ಪಾಲಿದೆ. ಐರಿಷ್ ವಾದಕ ಫಿನ್‌ಬಾರ್ ಫ್ಯೂರಿ ಬಳಿ ಭಾರತದ ಬಿದಿರಿನ ವಿಸಲ್ ಒಂದಿತ್ತು. ಅದು ಮುರಿದಾಗ ಇಂಗ್ಲೆಂಡಿನ ಬರ್ನಾರ್ಡ್ ಓವರ್ಟನ್ ಸರಿಪಡಿಸಲು ಹೋಗಿ, ಆಗದೆ, 1970ರ ದಶಕದ ಆರಂಭದಲ್ಲಿ ಅಲ್ಯೂಮಿನಿಯಂನಲ್ಲಿ ಹೊಸದನ್ನೇ ಮಾಡಿಕೊಟ್ಟರು. ಸುಮಾರು ಎರಡಡಿ ಉದ್ದದ ಲೋ ಡಿ ವಿಸಲ್‌ನ ತೂತುಗಳು ದೂರದೂರ. ಬೆರಳ ತುದಿ ಎಟುಕುವುದಿಲ್ಲ, ಗೆಣ್ಣುಗಳ ನಡುವಿನ ಚಪ್ಪಟೆ ಭಾಗವನ್ನೇ ಒತ್ತಿ ಹಿಡಿಯಬೇಕು. ಉಸಿರನ್ನೂ ಮುಂಚಿತವಾಗಿ ಲೆಕ್ಕ ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಸಾಲು ನಡುವೆಯೇ ತುಂಡಾಗುತ್ತದೆ. ಕಲಿಯಲು ಹೊತ್ತು ಹಿಡಿದರೂ, ಕೆಳಗಿನ ಸ್ಥಾಯಿಯ ಆ ತುಂಬು ನಾದ ಎದೆಗೂಡಿನಲ್ಲಿ ಅನುರಣಿಸುವಾಗ ಬೇರೇನೂ ಬೇಡವೆನಿಸುತ್ತದೆ.

ಕರ್ನಾಟಕ ಸಂಗೀತ ಕೇಳಿ ಬೆಳೆದ ನನಗೆ ಈ ಆರು ತೂತುಗಳಲ್ಲಿ ಇನ್ನೊಂದು ಸುಖವಿದೆ. ಎಲ್ಲ ತೂತು ಮುಚ್ಚಿದಾಗ ಬರುವ ಸ್ವರವನ್ನು ಷಡ್ಜವೆಂದುಕೊಂಡು ಒಂದೊಂದೇ ಬೆರಳೆತ್ತಿದರೆ ಶಂಕರಾಭರಣದ ಸ್ವರಗಳು ಸಾಲಾಗಿ ಬರುತ್ತವೆ. ಮೇಲಿನ ಎರಡನ್ನಷ್ಟೇ ಮುಚ್ಚಿದಾಗ ಬರುವ ಸ್ವರವನ್ನು ಷಡ್ಜ ಮಾಡಿಕೊಂಡರೆ, ಅದು ನಮ್ಮ ವೇಣುವಾದಕರ ಕ್ರಮ. ಆಗ ಸಿಗುವುದು ಹರಿಕಾಂಭೋಜಿ. ಆ ಕ್ರಮದಲ್ಲಿ ಬಿಳಿ ಎರಡರ ಶ್ರುತಿ ಬೇಕಿದ್ದರೆ ಜಿ ವಿಸಲ್ ಹಿಡಿಯಬೇಕು. ವಿಸಲ್‌ನ ಗಾಳಿದಾರಿ ಅಲುಗುವುದಿಲ್ಲವಾದ್ದರಿಂದ ತುಟಿ ಹೊರಳಿಸಿ ಸ್ವರ ಬಾಗಿಸಲಾಗದು. ಗಮಕವೆಲ್ಲ ಬೆರಳ ಜಾರಿಕೆಯಿಂದಲೇ ಬರಬೇಕು. ಸಣ್ಣ ತೂತಿನಲ್ಲಿ ಜಾರಲು ಜಾಗ ಸಾಲದು, ಲೋ ಜಿಯ ಅಗಲ ತೂತಿನಲ್ಲಿ ಬೆರಳು ನಿಧಾನವಾಗಿ ಸರಿಯಬಹುದು. ಹಾಗಾಗಿ ಆಲಾಪನೆಯ ಆಸೆಯಾದಾಗ ನನ್ನ ಆಯ್ಕೆ ಅದೇ.

ಹೊಸಬರು ವಿಸಲ್ ಕೊಳ್ಳುವಾಗ ಲೋಹ, ಬಣ್ಣ, ತಯಾರಕರ ಹೆಸರು ವಿಚಾರಿಸುತ್ತಾರೆ. ಆ ವಿಚಾರಣೆ ಬೇಕು, ಆದರೆ ಅದರ ಸರದಿ ಎರಡನೆಯದು. ವಿಸಲ್‌ಗಳ ನಡುವಿನ ದೊಡ್ಡ ಅಂತರ ಅವು ನಮ್ಮಿಂದ ಬೇಡುವ ಉಸಿರಿನದು. ರೀಲ್‌ಗೆ ಚುರುಕಾದ, ಮಿತವಾದ ಉಸಿರು. ಮನೆಯ ಹಾಡಿಗೆ ಧಾರಾಳದ್ದು. ಸ್ಲೋ ಏರ್‌ಗೆ ದೀರ್ಘವಾದದ್ದು. ಅದಕ್ಕೇ ನಾನು ಹೇಳುವುದಿಷ್ಟು: ನಿಮ್ಮನ್ನು ಬಿಡದೆ ಕಾಡುವ ಒಂದು ಮಟ್ಟನ್ನು ಮೊದಲು ಗುರುತಿಸಿ, ಅದನ್ನು ಬಾಯಲ್ಲೇ ಗುನುಗಿ, ಉಸಿರು ಎಲ್ಲಿ ನಿಲ್ಲುತ್ತದೆ, ಎಷ್ಟು ದೂರ ಹೋಗುತ್ತದೆ ಎಂದು ಗಮನಿಸಿ. ಆಮೇಲೆ ಅಂಗಡಿಗೆ ಹೋಗಿ. ಯಾವುದನ್ನು ಕೊಳ್ಳಬೇಕೆಂದು ಆ ಮಟ್ಟೇ ಹೇಳುತ್ತದೆ.