ಸ್ವಾಮಿಯ ಮನೆ, ಅಜ್ಜಿಯ ಬಾಡಿಗೆ ಕೋಣೆ

ಆಗುಂಬೆಯ ದೊಡ್ಡಮನೆಗೆ ಹೋದವರು ಮೊದಲು ಏನು ಹುಡುಕ್ತಾರೆ ಗೊತ್ತಾ? ಸ್ವಾಮಿ ಕೂತು ಓದ್ತಿದ್ದ ಜಾಗ. ಶಂಕರ್ ನಾಗ್ ನಿರ್ದೇಶನದ 'ಮಾಲ್ಗುಡಿ ಡೇಸ್'ನಲ್ಲಿ ಸ್ವಾಮಿಯ ಮನೆ ಅಂತ ತೋರಿಸಿದ್ದು ಇದನ್ನೇ. 1986ರಲ್ಲಿ ದೂರದರ್ಶನದಲ್ಲಿ ಅದು ಬಂದಾಗ ನಾನಿನ್ನೂ ಹುಟ್ಟಿರಲಿಲ್ಲ. ಆದರೂ ಅಲ್ಲಿ ಹೋದಾಗ ಕಂಬ ಮುಟ್ಟಿ "ಇಲ್ಲೇ ಅಲ್ವಾ, ಗಿರೀಶ್ ಕಾರ್ನಾಡ್ ಬೈತಾರಲ್ಲ?" ಅಂತ ಕೇಳಿದವರಲ್ಲಿ ನಾನೂ ಒಬ್ಬ :-)

ತಮಾಷೆ ನೋಡಿ. ಆರ್.ಕೆ. ನಾರಾಯಣ್ ಕಲ್ಪಿಸಿದ ಕುಟುಂಬವನ್ನ ಹುಡುಕಿಕೊಂಡು ಜನ ಬರ್ತಾರೆ, ಆ ಮನೆಯಲ್ಲಿ ನಿಜವಾಗಿ ಬಾಳಿದವರ ಬಗ್ಗೆ ಕೇಳೋರು ಕಮ್ಮಿ. ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯೋ ಊರು ಅದು. ಅಲ್ಲೊಂದು ಮರದ ಕಂಬಗಳ ಮನೆ ನೂರು ವರ್ಷ ದಾಟಿ ನಿಲ್ಲಬೇಕಂದ್ರೆ ಪ್ರತಿ ಬೇಸಿಗೇಲೂ ಯಾರೋ ಹೆಂಚು ಕೈಯಾಡಿಸಿರಬೇಕು, ಜಂತೆ ನೋಡಿರಬೇಕು, ಸೌದೆ ಒಟ್ಟಿರಬೇಕು. ಬಂದವರಿಗೆ ಇಂತಿಷ್ಟು ಅಂತ ದರ ಹೇಳದೆ, ಕೊಟ್ಟಷ್ಟು ತಗೊಂಡು ಊಟ-ವಸತಿ ಕೊಟ್ಟು ಹೆಸರಾದ ಮನೆ ಅದು. ನನ್ನ ಪ್ರಕಾರ ಅದರ ಇತಿಹಾಸ ಇರೋದು ಅಡುಗೆಮನೇಲಿ. ಶೂಟಿಂಗ್ ನಡೆದದ್ದು ಅದರಲ್ಲೊಂದು ಸಣ್ಣ ಅಧ್ಯಾಯ ಅಷ್ಟೆ.

ಇದೆಲ್ಲ ಈಗ ಯಾಕೆ ತಲೆಗೆ ಬಂತು ಅಂದ್ರೆ, ನಮ್ಮ ಚಿಕ್ಕಪ್ಪ ಹಳೇ ಯಲಹಂಕದ ನಮ್ಮ ಹೆಂಚಿನ ಮನೆಯನ್ನ ಹೋಂಸ್ಟೇ ಮಾಡಕ್ಕೆ ಹೊರಟಿದ್ದಾರೆ. ಅವರ ಲೆಕ್ಕಾಚಾರ ತಪ್ಪೇನಲ್ಲ. 2008ರಲ್ಲಿ ದೇವನಹಳ್ಳಿ ಕಡೆ ವಿಮಾನ ನಿಲ್ದಾಣ ಆಯ್ತು. 1996ರಿಂದ ಎರಡು ವರ್ಷಕ್ಕೊಮ್ಮೆ ಯಲಹಂಕದ ವಾಯುನೆಲೆಯಲ್ಲಿ ಏರೋ ಇಂಡಿಯಾ ನಡೆಯುತ್ತೆ, ಆಗ ರೂಮಿಗೆ ಪರದಾಟ. ಮನೆ ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸೋದಕ್ಕಿಂತ ಇದು ವಾಸಿ ಅಂತ ಅಪ್ಪಾನೂ ಒಪ್ಪಿದ್ರು. ನನಗೆ ಬಂದ ಕೆಲಸ: "ಮನೆತನದ ಇತಿಹಾಸ ಅಂತ ಅರ್ಧ ಪುಟ ಬರೆದುಕೊಡೋ. ಕೆಂಪೇಗೌಡರ ಕಾಲದ್ದು ಅಂತ ಹಾಕು."

ಕೆಂಪೇಗೌಡರು ಬೆಂಗಳೂರು ಕಟ್ಟಿದ್ದು 1537ರಲ್ಲಿ. ನಮ್ಮ ಮಾಡಿನ ಮೇಲಿರೋದು ಮಂಗಳೂರು ಹೆಂಚು! ಅದನ್ನ ಹೇಳಿದ್ರೆ ಚಿಕ್ಕಪ್ಪ ಒಂದು ಹೆಂಚು ಇಳಿಸಿ ತೋರಿಸಿದ್ರು. "ನೋಡು, 1865 ಅಂತ ಅಚ್ಚೊತ್ತಿದೆ. ಅಲ್ಲಿಗೆ ನೂರೈವತ್ತು ವರ್ಷ ಆಯ್ತಲ್ಲ!" ಪಾಪ. ಅದು ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಆಮೇಲೆ ಎಷ್ಟೋ ದಶಕ ಅವರ ಹೆಂಚುಗಳ ಮೇಲೆ ಅದೇ ಅಂಕಿ ಬರ್ತಿತ್ತು. (ನಿಮ್ಮ ಊರಿನ ಮನೇಲೂ ಇರಬಹುದು, ಅಟ್ಟ ಹತ್ತಿ ನೋಡಿ.)

ನನಗೆ ಬರೀಬೇಕು ಅನ್ನಿಸಿದ್ದು ಬೇರೇನೇ. ತಾತ ತೀರಿಕೊಂಡಾಗ ಅಪ್ಪ, ಚಿಕ್ಕಪ್ಪ ಇಬ್ಬರೂ ಇನ್ನೂ ಓದ್ತಿದ್ರು. 1984ರಲ್ಲಿ ರೈಲ್ವೆಯವರ ಗಾಲಿ-ಅಚ್ಚಿನ ಕಾರ್ಖಾನೆ ಯಲಹಂಕದಲ್ಲಿ ಶುರುವಾದಾಗ ಎಲ್ಲೆಲ್ಲಿಂದಲೋ ಕೆಲಸಕ್ಕೆ ಜನ ಬಂದ್ರು. ಅಜ್ಜಿ ಪಡಸಾಲೆ ಪಕ್ಕದ ಎರಡು ಕೋಣೆ ಖಾಲಿ ಮಾಡಿ ಬಾಡಿಗೆಗೆ ಕೊಟ್ಟಳು. ಜೊತೆಗೆ ಎರಡು ಹೊತ್ತು ಊಟ. ಮುದ್ದೆ ನುಂಗಕ್ಕೆ ಬಾರದ ಬಿಹಾರದ ಹುಡುಗನೊಬ್ಬನಿಗೆ ಬೇರೆ ಚಪಾತಿ ತಟ್ತಿದ್ಲಂತೆ. ಮಕ್ಕಳ ಕಾಲೇಜು ಫೀಸು ಹುಟ್ಟಿದ್ದು ಆ ಎರಡು ಕೋಣೆಗಳಿಂದ. ಅಂದ್ರೆ ನಮ್ಮನೇಲಿ ಹೋಂಸ್ಟೇ ಶುರುವಾಗಿ ನಲವತ್ತು ವರ್ಷ ದಾಟಿದೆ, ಚಿಕ್ಕಪ್ಪ ಈಗ ಬೋರ್ಡು ಹಾಕ್ತಿದ್ದಾರೆ ಅಷ್ಟೆ!

ಚಿಕ್ಕಪ್ಪಂಗೆ ಇದು ಸುತಾರಾಂ ಬೇಡ. "ಗತಿಯಿಲ್ದೆ ಬಾಡಿಗೆಗೆ ಕೊಟ್ಟಿದ್ವಿ ಅಂತ ಊರಿಗೆಲ್ಲ ಸಾರ್ತೀಯಾ? ಅಮ್ಮನ ಮರ್ಯಾದೆ ಏನಾಗ್ಬೇಕು?" ಅಂದ್ರು. ಅವರಿಗೆ ಸಿಟ್ಟಿಗಿಂತ ಸಂಕಟ ಜಾಸ್ತಿ ಇತ್ತು. ಆ ದಿನಗಳಲ್ಲಿ ಅವರು ಮಲಗ್ತಿದ್ದದ್ದು ನಡುಮನೆಯಲ್ಲಿ, ರಾಗಿ ಮೂಟೆಗಳ ಪಕ್ಕ. ನಾನು ಕತೆ ಅಂತ ಕೇಳಿದ್ದು ಅವರಿಗೆ ಅನುಭವಿಸಿದ್ದು. ಅದಕ್ಕೇ ಮುಂದೆ ವಾದ ಮಾಡಲಿಲ್ಲ. ಆದರೆ ಬರೆಯೋದನ್ನೂ ಬಿಡಲಿಲ್ಲ. ಕೆಂಪೇಗೌಡರನ್ನ ಕೈಬಿಟ್ಟು, ಅಜ್ಜಿಯಿಂದಲೇ ಶುರು ಮಾಡಿ ಕಳಿಸಿದೆ.

ನಾಲ್ಕು ದಿನ ಸುದ್ದಿಯಿಲ್ಲ. ನಿನ್ನೆ ರಾತ್ರಿ ಫೋನು.

"ಅವರೆಕಾಯಿ ಕಾಲದಲ್ಲಿ ಹಿತಕಬೇಳೆ ಸಾರು ಮಾಡ್ತಿದ್ಲು. ಕಾರ್ಖಾನೆ ಹುಡುಗರು ಅದಕ್ಕೇ ಕಾಯೋರು. ಅದನ್ನೂ ಸೇರಿಸು."